ಷಡ್ಡಕ ಹಾಕಿದ ದೀಪ

ತಿ. ನರಸೀಪುರದಲ್ಲಿ ನನ್ನ ಮಾವನದೊಂದು ರೈಸ್ ಮಿಲ್ ಇದೆ. ಆ ಮಿಲ್ಲಿನ ಕಂಟ್ರೋಲ್ ಪ್ಯಾನೆಲ್ಲಿನ ಬೀಗದ ಕೈ ನನ್ನ ಗೊಂಚಲಿನಲ್ಲಿದೆ. ಬೆರಳುದ್ದದ ಲೋಹದ ತುಂಡು. ದಾರಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ. ಆದರೆ ಆ ಮನೆಗೆ ನಾನು ಹಿರಿಯಳಿಯ ಎನ್ನುವುದಕ್ಕೆ ನನ್ನ ಹತ್ತಿರ ಇರುವ ಗುರುತು ಅದೊಂದೇ.

ಪ್ಯಾನೆಲ್ ಮಾಡಿಕೊಟ್ಟ ದಿನ ಮಾವ, "ಏನ್ ಕೊಡ್ಲಿ ಏಳಿ ಅಳಿಮಯ್ಯ?" ಎಂದು ಕೇಳಿದ್ದರು. ಮಾವನ ಹತ್ತಿರ ಕೂಲಿ ಕೇಳಿದ ಅಳಿಯನ ಬೆಲೆ ಅಂದೇ ಇಳಿದುಹೋಗುತ್ತದೆ. ಹೊಸದಾಗಿ ಮದುವೆಯಾದವರು ಇದನ್ನು ನೆನಪಿಟ್ಟುಕೊಳ್ಳಬೇಕು. ನಾನು, "ಏನೂ ಬೇಡ ಮಾವ. ಬೀಗದ ಕೈ ಮಾತ್ರ ನನ್ನ ಹತ್ರ ಇರಲಿ. ಬೇರೆ ಯಾರೂ ಇದಕ್ಕೆ ಕೈ ಹಾಕೋದು ಬೇಡ" ಎಂದೆ. ಅವರು ಆ ತುಂಡನ್ನು ನಂಜುಂಡೇಶ್ವರನ ಪಟದ ಮುಂದಿಟ್ಟು, ವಿಭೂತಿ ಹಚ್ಚಿ, ಎಲೆ ಅಡಿಕೆಯ ಜೊತೆ ನನ್ನ ಕೈಗಿಟ್ಟರು. ನನ್ನ ಜೀವನದಲ್ಲಿ ಕುದುರಿಸಿದ ವ್ಯಾಪಾರಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ಬಹಳ ಕಾಲ ಅಂದುಕೊಂಡಿದ್ದೆ.

ನನ್ನದು ಕವಲಂದೆ. ಡಿಪ್ಲೊಮಾ ಮುಗಿಸಿ, ನಂಜನಗೂಡಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ಶುರು ಮಾಡಿದವನು. ಈಗ ಆ ಅಂಗಡಿಯೇ ನನ್ನದು. ಕಾರ್ಖಾನೆಗಳಿಗೆ, ಮಿಲ್ಲುಗಳಿಗೆ ಪ್ಯಾನೆಲ್ ಕಟ್ಟಿಕೊಡುತ್ತೇನೆ. ಪ್ಯಾನೆಲ್ಲಿನ ಒಳಗೆ ಪಿಎಲ್‌ಸಿ ಎಂಬ ಒಂದು ಪೆಟ್ಟಿಗೆ ಕೂತಿರುತ್ತದೆ, ದಪ್ಪ ಪುಸ್ತಕದಷ್ಟು. ಯಂತ್ರಗಳಿಗೆ ಅದೇ ಮೇಸ್ತ್ರಿ. ಯಾವ ಮೋಟಾರು ಯಾವಾಗ ಓಡಬೇಕು, ಯಾವ ಬಾಗಿಲು ಯಾವಾಗ ಮುಚ್ಚಬೇಕು ಎನ್ನುವುದೆಲ್ಲ ಅದರ ತೀರ್ಮಾನ.

ಮಾವನ ಮಿಲ್ಲಿಗೆ ಹಾಕಿದ ಪಿಎಲ್‌ಸಿ ಹಳೆಯದು. ಕಾರ್ಖಾನೆಯೊಂದು ಹೊರಗೆ ಹಾಕಿದ್ದನ್ನು ಗುಜರಿಯವನಿಂದ ತಂದೆ. ಹೊರಗಿನ ಸುದ್ದಿ ಪೆಟ್ಟಿಗೆಯ ಒಳಗೆ ಬರುವ ಬಾಗಿಲುಗಳಿಗೆ ಇನ್‌ಪುಟ್ ಎನ್ನುತ್ತಾರೆ. ಅದರಲ್ಲಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ನಡೆಯುವುದನ್ನೂ ಹಿಡಿಯುವ ಒಂದು ವೇಗದ ಇನ್‌ಪುಟ್ ಇರುತ್ತದೆ. ಅದು ಸುಟ್ಟುಹೋಗಿತ್ತು. ಗುಜರಿಯವನಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಳೇ ಸಾಮಾನು ಕೊಳ್ಳುವವರಿಗೆ ಒಂದು ಮಾತು: ದೋಷವನ್ನು ಮೊದಲೇ ಹುಡುಕಿಟ್ಟುಕೊಳ್ಳಿ, ಆದರೆ ಬಾಯಿ ಬಿಡುವುದನ್ನು ಮಾರುವವನು ಚೌಕಾಸಿ ಮಾಡಿ ಸುಸ್ತಾಗುವ ತನಕ ತಡೆಯಿರಿ. ಹಾಗೇ ಮಾಡಿದೆ. ಉಳಿದ ಇನ್‌ಪುಟ್‌ಗಳು ಚೆನ್ನಾಗಿದ್ದವು. ಮಿಲ್ಲಿನ ಕೆಲಸಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿತ್ತು.

ಕೆಲಸವೆಂದರೆ ಇಷ್ಟೇ. ಅಕ್ಕಿ ತುಂಬಿ ಹೊಲಿದ ಮೂಟೆಗಳು ಬೆಲ್ಟಿನ ಮೇಲೆ ಸಾಲಾಗಿ ಲಾರಿಯ ಕಡೆ ಹೋಗುತ್ತವೆ. ಬೆಲ್ಟಿನ ಈ ಪಕ್ಕದಿಂದ ಆ ಪಕ್ಕಕ್ಕೆ ಒಂದು ಬೆಳಕಿನ ಗೆರೆ. ಮೂಟೆ ಬಂದಾಗ ಗೆರೆ ಮುಚ್ಚುತ್ತದೆ, ಎರಡು ಮೂಟೆಗಳ ನಡುವಿನ ಸಂದಿಯಲ್ಲಿ ತೆರೆದುಕೊಳ್ಳುತ್ತದೆ. ತೆರೆದು ಮುಚ್ಚಿದರೆ ಒಂದು ಮೂಟೆ. ಪಿಎಲ್‌ಸಿ ಎಣಿಸಿ, ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕಿ ತೋರಿಸುತ್ತದೆ. ಮಾವ ಎದುರಿಗೆ ಕುರ್ಚಿ ಹಾಕಿಕೊಂಡು, ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಬಂದವರಿಗೆಲ್ಲ, "ನಮ್ ಅಳಿಮಯ್ಯ ಮಾಡಿರಾದು" ಎನ್ನುತ್ತಿದ್ದರು. 'ನಮ್ ಅಳಿಮಯ್ಯ' ಎಂದರೆ ಯಾವ ಅಳಿಯ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಆಗ ಇದ್ದವನು ನಾನೊಬ್ಬನೇ.

ಆಮೇಲೆ ನನ್ನ ಹೆಂಡತಿಯ ತಂಗಿಗೆ ಮದುವೆಯಾಯಿತು.

ಷಡ್ಡಕ ಎನ್ನುವ ಸಂಬಂಧವನ್ನು ಯಾರು ಹುಟ್ಟುಹಾಕಿದರೋ ಗೊತ್ತಿಲ್ಲ. ಅಣ್ಣ ತಮ್ಮಂದಿರಾದರೆ ಜಗಳವಾಡಿ ಪಾಲು ಮಾಡಿಕೊಳ್ಳಬಹುದು. ಷಡ್ಡಕನ ಜೊತೆ ಜಗಳವಾಡುವುದಕ್ಕೆ ಪಾಲೂ ಇಲ್ಲ, ಪಾತ್ರೆಯೂ ಇಲ್ಲ. ಹಬ್ಬದಲ್ಲಿ ಪಕ್ಕಪಕ್ಕದ ಎಲೆಯಲ್ಲಿ ಕೂತು, ಅತ್ತೆ ಯಾರ ಎಲೆಗೆ ಮೊದಲು ತುಪ್ಪ ಬಡಿಸುತ್ತಾರೆ ಎಂದು ಓರೆಗಣ್ಣಲ್ಲಿ ನೋಡುವುದೊಂದೇ ದಾರಿ. ಅದರಲ್ಲೂ ನನ್ನ ಷಡ್ಡಕ ಓದಿದ್ದು ನಾನು ಓದಿದ ಡಿಪ್ಲೊಮಾವನ್ನೇ, ಮಾಡುವುದು ನಾನು ಮಾಡುವ ಕೆಲಸವನ್ನೇ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೆಯಿಂಟೆನೆನ್ಸ್. ಇಸ್ತ್ರಿ ಮಾಡಿದ ಅಂಗಿ. ಯಾರು ಏನು ಹೇಳಿದರೂ ಪೂರ್ತಿ ಕೇಳಿಸಿಕೊಂಡು ಆಮೇಲೆ ನಗುತ್ತಾನೆ. ನಾನು ಅರ್ಧಕ್ಕೇ ಬಾಯಿ ಹಾಕುವವನು. ನೀವು ಹೆಣ್ಣು ನೋಡುವಾಗ ಆ ಮನೆಯ ಇನ್ನೊಬ್ಬ ಅಳಿಯ ಯಾವ ಕಸುಬಿನವನು ಎಂದು ವಿಚಾರಿಸಿಕೊಳ್ಳಿ. ಜಾತಕಕ್ಕಿಂತ ಅದು ಮುಖ್ಯ.

ಆಯುಧಪೂಜೆಯ ದಿನ ನನಗೆ ಗ್ರಾಹಕರ ಮನೆ ಬಾಗಿಲು ಸುತ್ತುವುದೇ ಕೆಲಸ. ಕರೆದ ಕಡೆ ಹೋಗದಿದ್ದರೆ ಮುಂದಿನ ವರ್ಷದ ಕೆಲಸ ಕೈಬಿಟ್ಟಂತೆ. ಚಿಕ್ಕಯ್ಯನಛತ್ರದ ಕಡೆಯ ಒಂದು ಪೂಜೆ ಮುಗಿಸಿ ನರಸೀಪುರ ಮುಟ್ಟುವಷ್ಟರಲ್ಲಿ ಇಳಿಹೊತ್ತಾಗಿತ್ತು. ಮಿಲ್ಲಿನ ಅಂಗಳದಲ್ಲಿ ನೆಂಟರೆಲ್ಲ ತಲೆಯೆತ್ತಿ ನಿಂತಿದ್ದರು.

ನಂಜುಂಡೇಶ್ವರನ ಪಟದ ಸುತ್ತ ಮರದ ಹಲಗೆ, ಹಲಗೆಯ ತುಂಬ ಬಿಲ್ವಪತ್ರೆಯ ಆಕಾರದಲ್ಲಿ ಬಲ್ಬುಗಳು. ಒಂದು ದಳದಿಂದ ಇನ್ನೊಂದಕ್ಕೆ ಬೆಳಕು ಅಲೆಯ ಹಾಗೆ ಹರಿಯುತ್ತಿತ್ತು. ಪಟದ ಹತ್ತಿರ ಹೋಗಿ ತಿರುಗಿ ಬರುತ್ತಿತ್ತು.

ಅತ್ತೆ ಕೆನ್ನೆ ಬಡಿದುಕೊಂಡು, "ನೋಡಿ, ಚಿಕ್ಕಳಿಯಂದ್ರು ಮಾಡವ್ರೆ. ದೇವ್ರೇ ಉಸಿರಾಡ್ತಾ ಇರಂಗೆ ಕಾಣ್ತದೆ" ಎಂದರು.

"ಚೆನ್ನಾಗಿದೆ ಅತ್ತೆ" ಎಂದೆ. ಚೆನ್ನಾಗಿಯೇ ಇತ್ತು. ಅದೇ ನನಗೆ ತಡೆಯಲಾಗದ ಸಂಗತಿ.

ವೈರುಗಳು ಎಲ್ಲಿಗೆ ಹೋಗಿವೆ ಎಂದು ಕಣ್ಣಲ್ಲೇ ಹಿಂಬಾಲಿಸಿದೆ. ನನ್ನ ಪ್ಯಾನೆಲ್ಲಿಗೆ ಹೋಗಿದ್ದವು. ಪೆಟ್ಟಿಗೆಯ ಆಜ್ಞೆ ಹೊರಗೆ ಹೋಗುವ ಔಟ್‌ಪುಟ್‌ಗಳಲ್ಲಿ ಖಾಲಿ ಬಿದ್ದಿದ್ದವಕ್ಕೆ ಬಲ್ಬು ಕಟ್ಟಿ, ನನ್ನ ಪಿಎಲ್‌ಸಿಯೊಳಗೇ ಷಡ್ಡಕ ತನ್ನ ಪ್ರೋಗ್ರಾಮ್ ಸೇರಿಸಿದ್ದ. ಬೆಳಗಿನ ಪೂಜೆಗೆ, ಸಂಜೆಯ ದೀಪ ಹಚ್ಚುವ ಹೊತ್ತಿಗೆ ಅದು ತಾನಾಗಿಯೇ ಹತ್ತಿಕೊಳ್ಳುತ್ತಿತ್ತು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಇದೇನೂ ಪವಾಡವಲ್ಲ. ಈ ಪ್ಯಾನೆಲ್ಲುಗಳ ಬೀಗ ಎಲ್ಲ ಒಂದೇ ಜಾತಿ, ನಮ್ಮ ಕಸುಬಿನವರೆಲ್ಲರ ಗೊಂಚಲಲ್ಲೂ ಅಂಥದೊಂದು ಕೈ ಇರುತ್ತದೆ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಗೊತ್ತಿಲ್ಲದಿದ್ದವರು ಮಾವ ಒಬ್ಬರೇ. ಬೀಗ ಹೇಗೆ ತೆಗೆದೆ ಎಂದು ಅವರ ಮುಂದೆ ಅವನನ್ನು ಕೇಳಿದರೆ ನನ್ನ ಗುರುತಿನ ಬೆಲೆಯೇ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಊಟಕ್ಕೆ ಕೂತೆ. ಪಾಯಸ ಮೊದಲು ಅವನ ಎಲೆಗೆ ಬಿತ್ತು.

ಹಬ್ಬ ಮುಗಿದರೂ ಹಲಗೆ ಇಳಿಯಲಿಲ್ಲ. ದೇವರಿಗೆ ಹಾಕಿದ್ದನ್ನು ನಮ್ಮ ಕಡೆ ಯಾರು ಬಿಚ್ಚುತ್ತಾರೆ? ಅಲ್ಲೇ ಉಳಿಯಿತು.

ಕೆಲವು ವಾರ ಕಳೆದ ಮೇಲೆ ಮಾವನ ಫೋನ್ ಬಂತು.

"ಅಳಿಮಯ್ಯ, ನಿಮ್ ಬೋಲ್ಡು ಸುಳ್ ಏಳ್ತಾ ಅದೆ."

ಲಾರಿಗೆ ಹತ್ತಿದ ಮೂಟೆ ಹೆಚ್ಚು, ಬೋರ್ಡಿನ ಅಂಕಿ ಕಡಿಮೆ. ಕೊಂಡವರು ಒಳ್ಳೆಯವರಾದ್ದರಿಂದ ಮೂಟೆ ಹೆಚ್ಚಿಗೆ ಬಂದಿದೆ ಎಂದು ತಾವೇ ಹೇಳಿದ್ದರು. ಎಲ್ಲರೂ ಹೇಳುತ್ತಾರೆಯೇ? ಮಾವ ಲೋಡಿಂಗ್ ಮೇಸ್ತ್ರಿಯನ್ನು ಎಲ್ಲರ ಎದುರಿಗೆ ಬೈದಿದ್ದರು. ಮೇಸ್ತ್ರಿ ಹೆಗಲ ಮೇಲಿನ ವಸ್ತ್ರ ಕೊಡವಿ, "ನಾನ್ ಕದ್ರೆ ಲಾರಿಗ್ಯಾಕೆ ಆಕ್ತಿದ್ದೆ ಸಾ, ಮನೆಗ್ ಒತ್ಕೊಂಡ್ ಓಗ್ತಿರ್ಲಿಲ್ವಾ?" ಎಂದನಂತೆ. ಅವನ ಮಾತು ನ್ಯಾಯವಾಗಿತ್ತು. ಹಾಗಾಗಿ ತಪ್ಪು ಬೋರ್ಡಿನದಾಯಿತು, ಅಂದರೆ ನನ್ನದಾಯಿತು.

"ನೋಡಿ, ನಿಮಗೆ ಕೆಲ್ಸ ಜಾಸ್ತಿ. ಚಿಕ್ಕೋರು ನಾನ್ ನೋಡ್ತೀನಿ ಅಂತವ್ರೆ. ಸೋಮಾರ ಪೂಜೆ ಆದ್ಮೇಲೆ ಆ ಕೀ ಅವ್ರ್ ಕೈಗ್ ಕೊಟ್ಬುಡಿ" ಎಂದರು ಮಾವ. ಬೇಸರದ ದನಿಯಲ್ಲಲ್ಲ, ನನ್ನ ಮೇಲಿನ ಕನಿಕರದಲ್ಲಿ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

"ಸೋಮವಾರದ ತನಕ ಟೈಮ್ ಕೊಡಿ ಮಾವ. ಅಷ್ಟರಲ್ಲಿ ಸರಿ ಹೋಗದಿದ್ರೆ ನಾನೇ ಕೊಡ್ತೀನಿ" ಎಂದೆ. ಅವರು ಹೇಳಿದ ಗಡುವನ್ನೇ ನಾನು ಕೇಳಿ ಪಡೆದುಕೊಂಡ ಹಾಗೆ ಮಾಡಿದೆ. ಚೌಕಾಸಿಯಲ್ಲಿ ಏನೂ ಸಿಗದಿದ್ದಾಗ ಇಷ್ಟಾದರೂ ಮಾಡಬೇಕು.

ಶನಿವಾರ ಮಧ್ಯಾಹ್ನವೇ ಮಿಲ್ಲಿಗೆ ಹೋದೆ. ಮೊದಲು ಬೆಲ್ಟಿನ ಪಕ್ಕದಲ್ಲಿ ಬೆಳಕಿನ ಗೆರೆಯನ್ನು ಕಾಯುವ ಸೆನ್ಸರ್ ನೋಡಿದೆ, ನಾವು ಅದಕ್ಕೆ ಕಣ್ಣು ಎನ್ನುತ್ತೇವೆ. ಆಯುಧಪೂಜೆಯಲ್ಲಿ ಅದಕ್ಕೂ ಮೂರು ಬೆರಳು ವಿಭೂತಿ ಬಳಿದಿದ್ದರು. ಸಿಕ್ಕಿಬಿತ್ತು ಎಂದು ಖುಷಿಯಲ್ಲಿ ಒರೆಸಿದೆ. ಮೇಸ್ತ್ರಿ ನಕ್ಕು, "ಅದ್ನ ನಾನ್ ಆಗ್ಲೇ ಒರೆಸಿ ನೋಡಿವ್ನಿ ಸಾ. ಈಗಿರಾದು ಬರೀ ಅಂಚಿಂದು" ಎಂದ. ವೈರು ಎಳೆದು ನೋಡಿದೆ, ಸ್ಕ್ರೂ ಬಿಗಿ ಮಾಡಿದೆ. ಒಂದು ಲಾರಿ ಪೂರ್ತಿ ನಿಂತು ಎಣಿಸಿದೆ. ಬೋರ್ಡಿಗೂ ನನಗೂ ಒಂದು ಮೂಟೆಯ ವ್ಯತ್ಯಾಸವಿಲ್ಲ.

"ಈಗ ಸರಿಯಾಗೇ ಏಳ್ತದೆ ಸಾ. ಸಂಜಿಕೆ ಬುದ್ಧಿ ಕೆಡದು" ಎಂದ ಮೇಸ್ತ್ರಿ.

ಸಂಜೆ ಕೊನೆಯ ಲಾರಿ. ಮನೆಗೆ ಹೋಗುವ ಆತುರದಲ್ಲಿ ಆಳುಗಳು ಮೂಟೆಯ ಬೆನ್ನಿಗೆ ಮೂಟೆ ತಳ್ಳುತ್ತಿದ್ದರು. ನಡುವಿನ ಸಂದಿ ಎರಡು ಬೆರಳು ಇದ್ದರೆ ಹೆಚ್ಚು. ಆದರೂ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಅಷ್ಟರಲ್ಲಿ ದೀಪದ ಹೊತ್ತಾಯಿತು. ಪಟದ ಸುತ್ತ ಬಿಲ್ವಪತ್ರೆ ಹತ್ತಿಕೊಂಡಿತು. ಎರಡು ಮೂಟೆ ಕಣ್ಣಿನ ಮುಂದೆ ಹೋದವು, ಅಂಕಿ ಒಂದೇ ಏರಿತು.

ಲ್ಯಾಪ್‌ಟಾಪ್ ತೆಗೆದು ಪಿಎಲ್‌ಸಿಗೆ ಸಿಕ್ಕಿಸಿದೆ. ನೋಡಿದ್ದು ಒಂದೇ ಅಂಕಿ, ಸ್ಕ್ಯಾನ್ ಟೈಮ್. ಪಿಎಲ್‌ಸಿ ಎಡೆಬಿಡದೆ ನೋಡುತ್ತಲೇ ಇರುತ್ತದೆ ಎಂದು ಜನ ತಿಳಿದಿರುತ್ತಾರೆ. ಹಾಗಲ್ಲ. ಒಮ್ಮೆ ಎಲ್ಲ ಇನ್‌ಪುಟ್‌ಗಳನ್ನೂ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ. ಆಮೇಲೆ ಕಣ್ಣು ಮುಚ್ಚಿ, ಬರೆದಿಟ್ಟ ಪ್ರೋಗ್ರಾಮನ್ನು ಮೇಲಿನ ಸಾಲಿನಿಂದ ಕೊನೆಯ ಸಾಲಿನ ತನಕ ಲೆಕ್ಕ ಹಾಕುತ್ತದೆ. ಬಂದ ಉತ್ತರವನ್ನು ಔಟ್‌ಪುಟ್‌ಗಳಿಗೆ ಕೊಡುತ್ತದೆ. ಆಮೇಲೇ ಮತ್ತೆ ಕಣ್ಣು ಬಿಡುವುದು. ಈ ಒಂದು ಸುತ್ತಿಗೆ ಹಿಡಿಯುವ ಹೊತ್ತೇ ಸ್ಕ್ಯಾನ್ ಟೈಮ್. ಸಾಮಾನ್ಯವಾಗಿ ಅದು ಎಷ್ಟು ಚಿಕ್ಕದೆಂದರೆ ನಮಗೆ ಎಡೆಬಿಡದ ಹಾಗೇ ಕಾಣುತ್ತದೆ. ಪ್ರೋಗ್ರಾಮ್ ಉದ್ದವಾದಷ್ಟೂ ಕಣ್ಣು ಮುಚ್ಚಿರುವ ಹೊತ್ತೂ ಉದ್ದ. ಆ ಹೊತ್ತಿನಲ್ಲಿ ಸಂದಿಯೊಂದು ಬಂದು ಹೋದರೆ, ಪಿಎಲ್‌ಸಿಯ ಪಾಲಿಗೆ ಅದು ಬರಲೇ ಇಲ್ಲ. ಎರಡು ಮೂಟೆ ಒಂದು ಉದ್ದನೆಯ ಮೂಟೆಯಾಗಿಬಿಡುತ್ತದೆ.

ದೀಪ ಆರಿದಾಗ ಸ್ಕ್ಯಾನ್ ಟೈಮ್ ಮೊದಲಿನಷ್ಟೇ ಇತ್ತು. ದೀಪ ಹತ್ತಿದಾಗ ಅದರ ಹಲವು ಪಟ್ಟು. ಷಡ್ಡಕನ ಸಾಲುಗಳನ್ನು ಓದಿದೆ. ಆ ಅಲೆಯ ಚೆಂದಕ್ಕಾಗಿ ಪ್ರತಿ ಸುತ್ತಿನಲ್ಲೂ ಎಲ್ಲ ಬಲ್ಬುಗಳ ಲೆಕ್ಕವನ್ನೂ ಮತ್ತೆ ಮತ್ತೆ ಹಾಕಿಸುವ ಒಂದು ಲೂಪ್ ಬರೆದಿದ್ದ.

ಆಗ ನನಗಾದ ಸಂತೋಷವನ್ನು ಬರೆಯಲು ನಾಚಿಕೆಯಿಲ್ಲ. ಹೆಂಡತಿಯ ಹೆರಿಗೆಯಾದ ಸುದ್ದಿ ಬಂದಾಗಲೂ ಹಾಗೆ ಎದ್ದು ನಿಂತಿರಲಿಲ್ಲ. ಅವನಿಗೆ ಫೋನ್ ಮಾಡಿ, "ಮಿಲ್ ಹತ್ರ ಸ್ವಲ್ಪ ಬಾ" ಎಂದೆ. ಮಾವನ ಮನೆಗೇ ಬಂದಿದ್ದವನು ಬೈಕಿನಲ್ಲಿ ಬೇಗ ಬಂದ. ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದೆ.

ಅವನು ಒಂದು ಸಲ ನೋಡಿ, "ಅಯ್ಯೋ, ನನ್ ಲೂಪು ಕಣಣ್ಣ!" ಎಂದ.

ವಾದ ಮಾಡುತ್ತಾನೆ ಎಂದು ಎಷ್ಟೊಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ಒಂದಕ್ಕೂ ಕೆಲಸ ಸಿಗಲಿಲ್ಲ.

"ಹತ್ತು ನಿಮಿಷದ ಕೆಲ್ಸ ಅಣ್ಣ. ಒಂದು ಸುತ್ತಿಗೆ ಒಂದೇ ಬಲ್ಬಿನ ಲೆಕ್ಕ ಹಾಕೋ ಹಂಗೆ ಬರುದ್ರೆ ಆಯ್ತು. ಕಣ್ಣಿಗೆ ಗೊತ್ತೂ ಆಗಲ್ಲ. ಬರೀಲಾ?"

ಅವನು ಹೇಳಿದ್ದು ಸರಿಯಾದ ದಾರಿ. ನನ್ನ ಅಂಗಡಿಯ ಹುಡುಗರು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

"ಬೇಡ. ನನ್ನ ಪ್ಯಾನೆಲ್ಲಲ್ಲಿ ನಿನ್ನ ಒಂದು ಸಾಲೂ ಇರೋದು ಬೇಡ. ದೀಪಕ್ಕೆ ಬೇರೆ ಪೆಟ್ಟಿಗೆ ಮಾಡೋಣ" ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಪಿಎಲ್‌ಸಿಯ ಹತ್ತಿರ ಬಗ್ಗಿ ವೈರುಗಳನ್ನು ನೋಡಿದ. "ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಮೂಟೆ ಕಣ್ಣನ್ನ ವೇಗದ ಇನ್‌ಪುಟ್‌ಗೆ ಯಾಕೆ ಕೊಟ್ಟಿಲ್ಲ? ಅದಾದ್ರೆ ಸ್ಕ್ಯಾನಿಗೆ ಕಾಯೋದೇ ಇಲ್ವಲ್ಲ. ನನ್ ಲೂಪು ಎಷ್ಟೇ ಕುಣುದ್ರೂ ಲೆಕ್ಕ ತಪ್ತಿರ್ಲಿಲ್ಲ."

ನಾನು ಲ್ಯಾಪ್‌ಟಾಪ್ ಮಡಚತೊಡಗಿದೆ. ಅವನೇ ಟಾರ್ಚ್ ಬಿಟ್ಟು, ಆ ಇನ್‌ಪುಟ್ಟಿನ ಹತ್ತಿರದ ಕರಿ ಕಲೆ ನೋಡಿ, "ಓ" ಎಂದ.

"ಮಾವಂಗೆ ಗೊತ್ತಾ?"

"ನಿನ್ನ ಲೂಪು ಮಾವಂಗೆ ಗೊತ್ತಾ?" ಎಂದೆ.

ಅವನು ಗಟ್ಟಿಯಾಗಿ ನಕ್ಕುಬಿಟ್ಟ. "ಬುಡಣ್ಣ, ಇಬ್ರುದೂ ಇಲ್ಲೇ ಇರ್ಲಿ. ಬಾ, ಟೀ ಕುಡ್ಯಾಣ." ಟೀಗೆ ಹೋದೆವು. ನನಗೆ ನಗು ಬರಲಿಲ್ಲ. ಗೆದ್ದ ಪಂದ್ಯವನ್ನು ಅವನು ಸಮ ಮಾಡಿ, ಬೋಂಡವನ್ನೂ ತಾನೇ ಕೊಡಿಸಿದ್ದ.

ಸೋಮವಾರ ಬೆಳಿಗ್ಗೆ ಪೂಜೆ. ಬಿಲ್ವಪತ್ರೆ ಹತ್ತಿತು. ಮಾವ ಮಂಗಳಾರತಿ ಮುಗಿಸಿ, ಹಣೆಯ ವಿಭೂತಿ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. ಅಂಗೈ ಚಾಚಲಿಲ್ಲ, ಆದರೆ ನೋಟ ನನ್ನ ಜೇಬಿನ ಮೇಲಿತ್ತು.

"ಕೊಡೋಕೆ ಮೊದ್ಲು ಒಂದು ನೋಡಿ ಮಾವ" ಎಂದು ಮೇಸ್ತ್ರಿಗೆ ಸನ್ನೆ ಮಾಡಿದೆ. ಆಳುಗಳು ಮೂಟೆಗಳನ್ನು ಒತ್ತೊತ್ತಾಗಿ ಬಿಟ್ಟರು. ಅಂಕಿ ತಪ್ಪಿತು. ದೀಪ ಆರಿಸಿ ಅದೇ ಮೂಟೆಗಳನ್ನು ಹಾಗೇ ಬಿಡಿಸಿದೆ. ಸರಿ ಬಂತು.

ಮಾವನ ಹುಬ್ಬು ಗಂಟಿಕ್ಕಿತು. "ಅಂದ್ರೆ? ದೇವ್ರ್ ದೀಪ ಅಚ್ಚುದ್ರೆ ಲೆಕ್ಕ ತಪ್ತದಾ?"

ಅತ್ತೆ ಮಂಗಳಾರತಿ ತಟ್ಟೆ ಹಿಡಿದೇ, "ಅದೆಂಗ್ ತಪ್ತದೆ? ಚಿಕ್ಕೋರ್ ಮಾಡುದ್ರು ಅಂತ ಇವ್ರಿಗೆ ಒಟ್ಟೆಕಿಚ್ಚು" ಎಂದರು. ಅತ್ತೆಯ ಕಣ್ಣಿಗೆ ಸ್ಕ್ಯಾನ್ ಟೈಮ್ ಇಲ್ಲ. ಅದು ಎಡೆಬಿಡದೆ ನೋಡುತ್ತದೆ.

ನಾನು ಮಾವನಿಗೇ ಹೇಳಿದೆ. ಮಠದ ದಾಸೋಹದಲ್ಲಿ ಸಾರಿನ ಬಕೆಟ್ಟು ಹಿಡಿದು ಬಡಿಸುವುದರಲ್ಲಿ ಅವರ ಕೈ ಹೆಸರುವಾಸಿ.

"ಮಾವ, ಪಂಕ್ತೀಲಿ ಸಾರು ಬಡಿಸ್ತಾ ಹೋಗ್ತೀರಲ್ಲ. ನೀವು ದಾಟಿ ಹೋದ್ಮೇಲೆ ಹಿಂದೆ ಒಬ್ಬ ಕೈ ಎತ್ತಿ ಇಳಿಸಿದ್ರೆ ನಿಮಗೆ ಕಾಣ್ತದಾ?"

"ನಾನ್ ತಿರುಗಿ ಬಂದಾಗ ಎತ್ತಿರ್ಬೇಕು. ಇಲ್ದಿದ್ರೆ ಬ್ಯಾಡ ಅಂತ ಮುಂದುಕ್ಕೋಗ್ತೀನಿ."

"ಪಂಕ್ತಿ ಚಿಕ್ಕದಿದ್ರೆ?"

"ಬ್ಯಾಗ ಬತ್ತೀನಿ, ಕಾಣ್ತದೆ." ಹೇಳುತ್ತಲೇ ಮಾವ ಪಟದ ಕಡೆ, ಬೆಲ್ಟಿನ ಕಡೆ ನೋಡಿದರು. ಅವರ ಮುಖ ಬಿಚ್ಚಿಕೊಂಡಿತು. "ಓಓ... ಇರೋನು ಒಬ್ನೇ ಬಡ್ಸೋನು. ದೀಪ ಅಚ್ಚುದ್ರೆ ಎಲೆ ಜಾಸ್ತಿ ಆಯ್ತವೆ. ಅವ್ನು ತಿರ್ಗಿ ಬರಗಂಟ ಮೂಟೆ ಕೈ ಎತ್ತಿ ಇಳಿಸ್ಬುಟ್ಟಿರ್ತದೆ. ಅಷ್ಟೇ ಅಲ್ವಾ?"

ನಾನು ಇಷ್ಟು ವರ್ಷದಲ್ಲಿ ಯಾವ ಗ್ರಾಹಕನಿಗೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಈಗ ಎಲ್ಲರಿಗೂ ಹೀಗೇ ಹೇಳುತ್ತೇನೆ.

"ದೀಪ ಆರಿಸೋದು ಬೇಡ. ದೇವರಿಗೆ ಬೇರೆ ಬಡಿಸೋನನ್ನ ಇಡ್ತೀನಿ. ನನ್ನ ಅಂಗಡೀಲಿ ಒಂದು ಪಿಎಲ್‌ಸಿ ಇದೆ, ನಾನೇ ಕೊಡ್ತೀನಿ. ಈ ಪ್ಯಾನೆಲ್ಲು ಎಣಿಸೋದಕ್ಕೆ ಮಾತ್ರ. ಕೀ ಮಾತ್ರ..."

"ಕೀ ನಿಮ್ ತಾವೇ ಇರ್ಲಿ ಬುಡಿ. ಕಂಡಿಡ್ದೋರು ನೀವೇ ಅಲ್ವಾ" ಎಂದರು ಮಾವ. ಅಷ್ಟರಲ್ಲಿ ಅವರಿಗೆ ಏನೋ ಹೊಳೆದು, ಷಡ್ಡಕನ ಕಡೆ ತಿರುಗಿದರು. "ಅಲ್ಲ, ಕೀ ಇವ್ರತ್ರ ಇದ್ರೆ ಅಬ್ಬದ್ ದಿನ ನೀವೆಂಗ್ ತೆಗುದ್ರಿ?"

'ಈ ಕೀ ಎಲ್ಲರ ಹತ್ರನೂ ಇರ್ತದೆ ಮಾವ' ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು.

"ಅಣ್ಣನ ಹತ್ರ ಈಸ್ಕೊಂಡಿದ್ದೆ ಮಾವ" ಎಂದ ಅವನು. ಹೇಳಿ ನನ್ನ ಕಡೆ ನೋಡಲೂ ಇಲ್ಲ. ನೋಡಿ ಕಣ್ಣು ಮಿಟುಕಿಸಿದ್ದರೆ ಉಪಕಾರ ಮಾಡಿದೆ ಎಂದು ತೋರಿಸಿಕೊಂಡ ಎಂದು ಬೈದುಕೊಳ್ಳಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ದೀಪದ ಪೆಟ್ಟಿಗೆ ಆ ವಾರವೇ ಕಟ್ಟಿದೆ. ಅಂಗಡಿಯಲ್ಲಿ ಉಳಿದಿದ್ದ ಪಿಎಲ್‌ಸಿ ಹೊಸದು, ಮೂಟೆ ಎಣಿಸುವ ಹಳೆಯದಕ್ಕಿಂತ ಎಷ್ಟೋ ಚುರುಕು. ಎಣಿಸುವುದಕ್ಕೆ ಅದನ್ನು ಹಾಕಿ, ಹಳೆಯದನ್ನು ದೀಪಕ್ಕೆ ಬಿಡಬಹುದಿತ್ತು. ಹಾಗೆ ಮಾಡಲು ಹಳೆಯದನ್ನು ಮಾವನ ಎದುರಿಗೆ ಬಿಚ್ಚಬೇಕಿತ್ತು, ಕರಿ ಕಲೆಗೆ ಕಾರಣ ಹೇಳಬೇಕಿತ್ತು. ಬೇಡವೆನಿಸಿತು. ಹೀಗಾಗಿ ನನ್ನ ಒಳ್ಳೆಯ ಪಿಎಲ್‌ಸಿ ಷಡ್ಡಕನ ದೀಪ ಕುಣಿಸುತ್ತಿದೆ. ಅವನು ಒಂದು ಭಾನುವಾರ ಬಂದು ಇನ್ನಷ್ಟು ಬಲ್ಬು ಕಟ್ಟಿ, ಬಣ್ಣವನ್ನೂ ಸೇರಿಸಿದ. ಸೋಮನಾಥಪುರದ ಕಡೆಯಿಂದ ಭತ್ತ ತರುವ ರೈತರು ಲಾರಿ ಇಳಿದ ಕೂಡಲೇ ಮೊದಲು ಅತ್ತ ನೋಡುತ್ತಾರೆ. ಮಾವ, "ನಮ್ ಅಳಿಮಯ್ಯ ಮಾಡಿರಾದು" ಎನ್ನುತ್ತಾರೆ. ಯಾವ ಅಳಿಯ ಎಂದು ಈಗ ಜನ ಕೇಳುತ್ತಾರೆ. ಬೋರ್ಡಿನ ಲೆಕ್ಕ ಒಂದು ದಿನವೂ ತಪ್ಪಿಲ್ಲ, ಆದ್ದರಿಂದ ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಸರಿಯಾಗಿ ನಡೆಯುವ ಕೆಲಸ ಮಾಡುವವರಿಗೆ ನನ್ನ ಸಲಹೆ: ಪಕ್ಕದಲ್ಲಿ ಒಂದೆರಡು ಬಣ್ಣದ ಬಲ್ಬನ್ನು ನೀವೇ ಹಾಕಿಕೊಳ್ಳಿ.

ಆಮೇಲೆ ಮೈಸೂರಿಗೆ ಹೋದಾಗ ಬೇರೆ ಜಾತಿಯ ಒಂದು ಬೀಗ ತಂದು ಪ್ಯಾನೆಲ್ಲಿಗೆ ಹಾಕಿದೆ. ಊರಿನ ಯಾವ ಎಲೆಕ್ಟ್ರಿಷಿಯನ್ನನ ಬೀಗದ ಕೈಯೂ ಅದಕ್ಕೆ ಹೊಂದುವುದಿಲ್ಲ. ಈಗ ಆ ಪ್ಯಾನೆಲ್ ನಿಜವಾಗಿ ನನ್ನೊಬ್ಬನದು. ಬೀಗದ ಜೊತೆ ಎರಡು ಕೈ ಬಂದಿದ್ದವು. ಒಂದು ಗೊಂಚಲಿನಲ್ಲಿದೆ. ನನಗೆ ಹುಷಾರಿಲ್ಲದ ದಿನ ಮಿಲ್ ನಿಲ್ಲಬಾರದು, ಇನ್ನೊಂದನ್ನು ಕಸುಬು ಗೊತ್ತಿರುವವನ ಹತ್ತಿರ ಕೊಟ್ಟಿಡಬೇಕು. ಇದನ್ನು ನಾನೇ ಎಲ್ಲ ಗ್ರಾಹಕರಿಗೂ ಹೇಳುತ್ತೇನೆ. ಆ ಮನೆಯಲ್ಲಿ ಕಸುಬು ಗೊತ್ತಿರುವವನು ಇನ್ನೊಬ್ಬನೇ ಇರುವುದು.

ಪ್ರತಿ ಹಬ್ಬಕ್ಕೂ ನರಸೀಪುರಕ್ಕೆ ಹೊರಡುವಾಗ ಆ ಎರಡನೆಯ ಬೀಗದ ಕೈಯನ್ನು ಅವನಿಗೆ ಕೊಟ್ಟುಬಿಡೋಣವೆಂದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ. ಪಕ್ಕದ ಎಲೆಯಲ್ಲಿ ಅವನು ಕೂತಿರುತ್ತಾನೆ, "ತುಪ್ಪ ಮೊದ್ಲು ಅಣ್ಣಂಗೆ ಆಕಿ ಅತ್ತೆ" ಎಂದು ನಗುತ್ತಾನೆ. ಅತ್ತೆ ಅವನ ಒಳ್ಳೆಯತನ ಮೆಚ್ಚಿ, ಮೊದಲು ಅವನಿಗೇ ಬಡಿಸುತ್ತಾರೆ. ಆ ಕೈ ಇನ್ನೂ ನನ್ನ ಜೇಬಿನಲ್ಲೇ ಮನೆಗೆ ಬರುತ್ತಿದೆ.